ಕೋರ್ಟಿನ ಮೆಟ್ಟಿಲು ಯಾರು ಹತ್ತಬೇಕು?

2008ರ ಏಪ್ರಿಲ್ ತಿಂಗಳಲ್ಲಿ ಯೆಮನ್ ದೇಶದ ರಾಜಧಾನಿ ಸನಾದಲ್ಲಿ ಹತ್ತು ವರ್ಷದ ಹುಡುಗಿಯೊಬ್ಬಳು ಒಬ್ಬಳೇ ಟ್ಯಾಕ್ಸಿ ಹಿಡಿದು ಕೋರ್ಟಿಗೆ ಬಂದಳು. ಹೆಸರು ನುಜೂದ್ ಅಲಿ. ಯಾರನ್ನು ಕೇಳಬೇಕು, ಎಲ್ಲಿ ಏನು ಬರೆದುಕೊಡಬೇಕು, ಒಂದೂ ಅವಳಿಗೆ ತಿಳಿಯದು. ಸುಮ್ಮನೆ ಕಾದು ಕುಳಿತಳು. ಕೊನೆಗೆ ನ್ಯಾಯಾಧೀಶರೊಬ್ಬರ ಗಮನಕ್ಕೆ ಬಂದು, ಏನು ಬೇಕು ಎಂದು ಅವರು ವಿಚಾರಿಸಿದಾಗ, ತನಗೆ ವಿಚ್ಛೇದನ ಬೇಕು ಎಂದಳು. ಮೂವತ್ತು ದಾಟಿದ ಗಂಡಸಿಗೆ ತಂದೆ ಅವಳನ್ನು ಮದುವೆ ಮಾಡಿಕೊಟ್ಟಿದ್ದ. ಶಾದಾ ನಾಸಿರ್ ಎಂಬ ವಕೀಲೆ ಅವಳ ಪರ ನಿಂತರು, ಮದುವೆ ಮುರಿಯಿತು. ಆದರೆ ಬಿಡುಗಡೆ ಪುಕ್ಕಟೆಯಾಗಿ ಸಿಗಲಿಲ್ಲ. ಗಂಡನಿಗೆ ಪರಿಹಾರದ ಹಣ ತೆರಬೇಕಾಯಿತು.

ಯೆಮನ್ ಆ ಹೊತ್ತಿಗಾಗಲೇ ಮಹಿಳೆಯರ ಹಕ್ಕುಗಳ ಜಾಗತಿಕ ಒಡಂಬಡಿಕೆಗೂ ಮಕ್ಕಳ ಹಕ್ಕುಗಳ ಒಡಂಬಡಿಕೆಗೂ ಒಪ್ಪಿಗೆ ಕೊಟ್ಟ ದೇಶವಾಗಿತ್ತು. ಎರಡೂ ಕಾಗದಗಳು ಭದ್ರವಾಗಿದ್ದವು. ಹಾಗಿದ್ದರೂ ಹತ್ತು ವರ್ಷದ ಮಗು ತನ್ನ ಹಕ್ಕನ್ನು ಕೇಳಿಕೊಂಡು ತಾನೇ ಟ್ಯಾಕ್ಸಿ ಹತ್ತಬೇಕಾಯಿತು. ಮಹಿಳೆಯರ ಮತ್ತು ಮಕ್ಕಳ ಹಕ್ಕುಗಳ ಬಗ್ಗೆ ಜಗತ್ತಿನ ಉದ್ದಗಲಕ್ಕೂ ನಡೆಯುವ ಮಾತು ಒಮ್ಮೊಮ್ಮೆ ಬರೀ ಘೋಷಣೆಯಂತೆ ಕೇಳಿಸುವುದು ಈ ಕಾರಣಕ್ಕೇ. ಬಾಲ್ಯವಿವಾಹ ಎಂಬ ಒಂದೇ ವಿಷಯವನ್ನು ಹಿಡಿದು, ವಿಶ್ವಸಂಸ್ಥೆಯ ಕಾಗದದಿಂದ ಊರಿನ ಮದುವೆ ಚಪ್ಪರದವರೆಗೆ ಒಂದು ಹಕ್ಕು ಹೇಗೆ ಇಳಿದು ಬರುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದನ್ನು ಬಿಡಿಸಿ ನೋಡುವುದು ಈ ಬರಹದ ಉದ್ದೇಶ.

ಮೊದಲು ಆ ಎರಡು ಒಡಂಬಡಿಕೆಗಳು. ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯದ ನಿವಾರಣೆಗಾಗಿ ಇರುವ ಒಡಂಬಡಿಕೆಯನ್ನು ವಿಶ್ವಸಂಸ್ಥೆ ಅಂಗೀಕರಿಸಿದ್ದು 1979ರ ಡಿಸೆಂಬರ್ 18ರಂದು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ ಅದನ್ನು ಸೀಡಾ ಎನ್ನುತ್ತಾರೆ. ಮಕ್ಕಳ ಹಕ್ಕುಗಳ ಒಡಂಬಡಿಕೆ ಬಂದದ್ದು ಅದಾದ ಹತ್ತು ವರ್ಷಕ್ಕೆ, 1989ರ ನವೆಂಬರ್ 20ರಂದು. ಭಾರತ ಮಕ್ಕಳ ಒಡಂಬಡಿಕೆಗೆ 1992ರಲ್ಲಿ ಸೇರಿತು, ಸೀಡಾಕ್ಕೆ 1993ರಲ್ಲಿ ಅಂತಿಮ ಒಪ್ಪಿಗೆ ಕೊಟ್ಟಿತು. ಅಮೆರಿಕ ಎರಡಕ್ಕೂ ಸಹಿ ಹಾಕಿದೆ, ಆದರೆ ಅಂತಿಮ ಒಪ್ಪಿಗೆಯನ್ನು ಒಂದಕ್ಕೂ ಕೊಟ್ಟಿಲ್ಲ. ಸಹಿ ಎಂದರೆ ಒಲವು ತೋರಿಸಿದಂತೆ, ಅಂತಿಮ ಒಪ್ಪಿಗೆ ಎಂದರೆ ಕಟ್ಟುಬಿದ್ದಂತೆ.

ಈ ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಿದಾಗ ನನ್ನನ್ನು ಚಕಿತಗೊಳಿಸಿದ ಸಂಗತಿಯೊಂದಿದೆ. 54 ವಿಧಿಗಳಿರುವ ಮಕ್ಕಳ ಒಡಂಬಡಿಕೆಯಲ್ಲಿ ಬಾಲ್ಯವಿವಾಹದ ಹೆಸರೇ ಇಲ್ಲ. ಮಕ್ಕಳ ಆರೋಗ್ಯಕ್ಕೆ ಹಾನಿ ಮಾಡುವ ಸಾಂಪ್ರದಾಯಿಕ ಪದ್ಧತಿಗಳನ್ನು ತೊಡೆದುಹಾಕಬೇಕು ಎಂದು 24ನೇ ವಿಧಿ ಹೇಳುತ್ತದೆ, ಅಷ್ಟಕ್ಕೇ ನಿಲ್ಲುತ್ತದೆ. ಮಗುವಿನ ಮದುವೆಯ ಬಗ್ಗೆ ನೇರವಾಗಿ ಮಾತಾಡುವುದು ಮಹಿಳೆಯರ ಒಡಂಬಡಿಕೆ. ಮಗುವಿನ ನಿಶ್ಚಿತಾರ್ಥಕ್ಕೂ ಮದುವೆಗೂ ಕಾನೂನಿನ ಬಲ ಇರತಕ್ಕದ್ದಲ್ಲ, ಮದುವೆಗೆ ಕನಿಷ್ಠ ವಯಸ್ಸು ಗೊತ್ತುಮಾಡಬೇಕು, ಮದುವೆಗಳ ನೋಂದಣಿ ಕಡ್ಡಾಯವಾಗಬೇಕು ಎಂದು ಅದರ 16ನೇ ವಿಧಿಯ ಎರಡನೇ ಭಾಗ ಹೇಳುತ್ತದೆ. ಆದರೆ ಆ ವಯಸ್ಸು ಎಷ್ಟು ಎಂದು ಅದು ಹೇಳುವುದಿಲ್ಲ. 18 ವರ್ಷದೊಳಗಿನವರೆಲ್ಲ ಮಕ್ಕಳು ಎಂಬ ಲೆಕ್ಕ ಇರುವುದು ಮಕ್ಕಳ ಒಡಂಬಡಿಕೆಯ ಮೊದಲ ವಿಧಿಯಲ್ಲಿ, ಅದೂ ಆಯಾ ದೇಶದ ಕಾನೂನಿನಲ್ಲಿ ಪ್ರಾಪ್ತ ವಯಸ್ಸು ಅದಕ್ಕಿಂತ ಮೊದಲೇ ಬರದಿದ್ದರೆ ಎಂಬ ಷರತ್ತಿನೊಂದಿಗೆ. ಒಂದರಲ್ಲಿ ಮದುವೆಯ ಮಾತಿದೆ, ಇನ್ನೊಂದರಲ್ಲಿ ವಯಸ್ಸಿನ ಮಾತಿದೆ. ಎರಡನ್ನೂ ಒಟ್ಟಿಗೆ ಹಿಡಿದರೆ ಮಾತ್ರ ವಾಕ್ಯ ಪೂರ್ಣವಾಗುತ್ತದೆ. ಎರಡು ಒಡಂಬಡಿಕೆಗಳ ಸಮಿತಿಗಳೂ ಕೂಡಿ ಹಾನಿಕರ ಪದ್ಧತಿಗಳ ಬಗ್ಗೆ ಒಂದೇ ವ್ಯಾಖ್ಯಾನ ಹೊರಡಿಸಿದ್ದು 2014ರಲ್ಲಿ. ಅಷ್ಟು ಹೊತ್ತು ಬೇಕಾಯಿತು.

ಜಿನೀವಾದಲ್ಲಿ ಸಭೆ ಸೇರುವ ಈ ಸಮಿತಿಗಳ ಬಳಿ ಪೊಲೀಸರಿಲ್ಲ, ಜೈಲಿಲ್ಲ. ಸೀಡಾ ಸಮಿತಿಯಲ್ಲಿ 23 ಮಂದಿ, ಮಕ್ಕಳ ಸಮಿತಿಯಲ್ಲಿ 18 ಮಂದಿ ತಜ್ಞರಿದ್ದಾರೆ. ಒಪ್ಪಿಕೊಂಡ ದೇಶಗಳು ಕೆಲವು ವರ್ಷಗಳಿಗೊಮ್ಮೆ ವರದಿ ಒಪ್ಪಿಸಬೇಕು. ಸರ್ಕಾರದ ವರದಿಯ ಜೊತೆಗೆ ಆ ದೇಶದ ಸಂಘಟನೆಗಳು ತಮ್ಮದೇ ಪರ್ಯಾಯ ವರದಿ ಕಳುಹಿಸುತ್ತವೆ. ಸಮಿತಿ ಎರಡನ್ನೂ ಓದಿ, ಅಧಿಕಾರಿಗಳನ್ನು ಎದುರು ಕೂರಿಸಿಕೊಂಡು ಪ್ರಶ್ನೆ ಕೇಳಿ, ತನ್ನ ಅಭಿಪ್ರಾಯವನ್ನು ಪ್ರಕಟಿಸುತ್ತದೆ. ಸಂತ್ರಸ್ತರೇ ನೇರವಾಗಿ ದೂರು ಕೊಡುವ ದಾರಿ ಎರಡರಲ್ಲೂ ಇದೆ. ಆದರೆ ಅದಕ್ಕಾಗಿ ಇರುವ ಹೆಚ್ಚುವರಿ ಒಪ್ಪಂದಗಳಿಗೆ ಭಾರತ ಸೇರಿಲ್ಲ. ನಮ್ಮ ದೇಶದ ಹುಡುಗಿಗೆ ಜಿನೀವಾದ ಬಾಗಿಲು ತೆರೆದಿಲ್ಲ.

ಹಾಗಾದರೆ ಆ ಕಾಗದದಿಂದ ನಮಗೇನು ಪ್ರಯೋಜನ? ಉತ್ತರ ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿದೆ.

ಭಂವರಿ ದೇವಿ ರಾಜಸ್ಥಾನ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ 'ಸಾಥಿನ್' ಆಗಿದ್ದರು. ಸಾಥಿನ್ ಎಂದರೆ ಜೊತೆಗಾತಿ. ಬಾಲ್ಯವಿವಾಹ ತಡೆಯುವುದು ಅವರ ಕೆಲಸದ ಭಾಗ. 1992ರಲ್ಲಿ ತಮ್ಮದೇ ಊರಿನ ಪ್ರಬಲ ಜಾತಿಯ ಮನೆಯೊಂದರಲ್ಲಿ ಹಸುಗೂಸಿನ ಮದುವೆ ಗೊತ್ತಾದಾಗ ಅದನ್ನು ತಡೆಯಲು ಹೋದರು. ಅದರ ಸೇಡಿಗಾಗಿ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. 1995ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಖುಲಾಸೆ ಮಾಡಿತು. ಮೇಲ್ಮನವಿ ಹೈಕೋರ್ಟಿನಲ್ಲಿ ದಶಕಗಳ ಕಾಲ ಬಿದ್ದಿತ್ತು. ಭಂವರಿ ದೇವಿ ಮಾತ್ರ ಅಡಗಿ ಕೂರಲಿಲ್ಲ. ಮುಖ ಮುಚ್ಚಿಕೊಳ್ಳದೆ, ಹೆಸರು ಮರೆಸಿಕೊಳ್ಳದೆ ಎಲ್ಲ ಕಡೆ ಮಾತಾಡಿದರು.

ಅವರ ಪ್ರಕರಣವನ್ನು ಕಂಡ ಮಹಿಳಾ ಸಂಘಟನೆಗಳು 'ವಿಶಾಖಾ' ಎಂಬ ಸಂಘಟನೆಯ ಹೆಸರಿನಲ್ಲಿ ಸುಪ್ರೀಂ ಕೋರ್ಟಿಗೆ ಹೋದವು. ಅವು ಎತ್ತಿದ ಪ್ರಶ್ನೆ ಸರಳ. ಈ ಹೆಂಗಸಿಗೆ ಅನ್ಯಾಯವಾದದ್ದು ಕೆಲಸ ಮಾಡಿದ್ದಕ್ಕಾಗಿ. ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳಿಗೆ ರಕ್ಷಣೆ ಕೊಡುವ ಕಾನೂನು ಎಲ್ಲಿದೆ? ಎಲ್ಲಿಯೂ ಇರಲಿಲ್ಲ. ಆಗ ಮುಖ್ಯ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರ ಪೀಠ ಸೀಡಾ ಒಡಂಬಡಿಕೆಯನ್ನು ಕೈಗೆತ್ತಿಕೊಂಡಿತು. ನಮ್ಮ ಕಾನೂನು ಮೌನವಾಗಿರುವ ಕಡೆ, ನಮ್ಮ ಕಾನೂನಿಗೆ ವಿರುದ್ಧವಲ್ಲದಿದ್ದರೆ, ದೇಶ ಒಪ್ಪಿಕೊಂಡ ಅಂತರರಾಷ್ಟ್ರೀಯ ಒಡಂಬಡಿಕೆಯನ್ನು ಸಂವಿಧಾನದ ಸಮಾನತೆ ಮತ್ತು ಘನತೆಯ ಹಕ್ಕುಗಳ ಅರ್ಥ ಹಿಗ್ಗಿಸಲು ಬಳಸಬಹುದು ಎಂದಿತು. 1997ರ ಆಗಸ್ಟ್ 13ರಂದು ಬಂದ ಆ ತೀರ್ಪೇ ಮುಂದೆ 2013ರ ಕಾಯ್ದೆಯಾಗಿ ಬೆಳೆಯಿತು. ಇಂದು ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ, ಜಿಲ್ಲಾ ಕಚೇರಿಗಳಲ್ಲಿ, ಕಾಲೇಜುಗಳಲ್ಲಿ ಲೈಂಗಿಕ ಕಿರುಕುಳದ ದೂರು ಕೇಳುವ ಆಂತರಿಕ ಸಮಿತಿಗಳಿವೆಯಲ್ಲ, ಅವುಗಳ ಬೇರು ಭಟೇರಿಯ ಒಂದು ಹಸುಗೂಸಿನ ಮದುವೆಯಲ್ಲಿದೆ. ಮಕ್ಕಳ ಹಕ್ಕು ಬೇರೆ, ಹೆಂಗಸರ ಹಕ್ಕು ಬೇರೆ ಎಂದು ಯಾರಾದರೂ ಹೇಳಿದಾಗ ನನಗೆ ನೆನಪಾಗುವುದು ಈ ಕಥೆ.

ಅಂದರೆ ಒಡಂಬಡಿಕೆ ತಾನಾಗಿ ಏನನ್ನೂ ಮಾಡುವುದಿಲ್ಲ. ಯಾರಾದರೂ ಅದನ್ನು ಕೋರ್ಟಿಗೆ ಹೊತ್ತುಕೊಂಡು ಹೋಗಬೇಕು. ಹೊರಬೇಕಾದವರು ಯಾರು ಎಂಬುದೇ ಮುಂದಿನ ಪ್ರಶ್ನೆ.

ಕಾನೂನಿನಲ್ಲಿ ಎರಡು ಪದಗಳಿವೆ. ಕೇಳಲು ಒಂದೇ ರೀತಿ, ಬದುಕಿನಲ್ಲಿ ಅಜಗಜಾಂತರ. ಒಂದು, ಮೊದಲಿನಿಂದಲೇ ಅಸಿಂಧುವಾದ ಮದುವೆ. ತಾಳಿ ಕಟ್ಟಿರಬಹುದು, ಊಟ ಬಡಿಸಿರಬಹುದು, ಫೋಟೋ ತೆಗೆಸಿರಬಹುದು, ಕಾನೂನಿನ ಕಣ್ಣಿಗೆ ಅಲ್ಲಿ ಮದುವೆಯೇ ನಡೆದಿಲ್ಲ. ಇನ್ನೊಂದು, ರದ್ದುಪಡಿಸಬಹುದಾದ ಮದುವೆ. ಇದು ಸಿಂಧುವಾದ ಮದುವೆಯೇ. ಬೇಡವೆಂದು ಕೋರ್ಟಿಗೆ ಹೋಗಿ, ಕೋರ್ಟು ಒಪ್ಪಿ ಆದೇಶ ಕೊಡುವವರೆಗೆ ಎಲ್ಲ ಕಟ್ಟುಪಾಡುಗಳೂ ಜಾರಿಯಲ್ಲಿರುತ್ತವೆ.

ಭಾರತದ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಸಾಮಾನ್ಯವಾಗಿ ಎರಡನೆಯ ದಾರಿ ಹಿಡಿದಿದೆ. ಮಾರಾಟ, ಅಪಹರಣ, ಬಲಾತ್ಕಾರ, ಮೋಸದಿಂದ ನಡೆದ ಮದುವೆಗಳನ್ನು ಅದು ಅಸಿಂಧು ಎನ್ನುತ್ತದೆ. ಉಳಿದ ಬಾಲ್ಯವಿವಾಹಗಳನ್ನು ನಡೆಸಿದವರಿಗೆ ಶಿಕ್ಷೆ ಇದೆ, ಮದುವೆ ಮಾತ್ರ ನಿಂತಿರುತ್ತದೆ. ಬೇಡವೆಂದರೆ ಮದುವೆಯ ಹೊತ್ತಿಗೆ ಮಗುವಾಗಿದ್ದವರೇ ಜಿಲ್ಲಾ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಇನ್ನೂ ಅಪ್ರಾಪ್ತೆಯಾಗಿದ್ದರೆ ಪೋಷಕರು ಅಥವಾ ಹಿತೈಷಿಯೊಬ್ಬರು ಬಾಲ್ಯವಿವಾಹ ನಿಷೇಧಾಧಿಕಾರಿಯ ಜೊತೆ ಸೇರಿ ಹಾಕಬಹುದು. ಪ್ರಾಪ್ತ ವಯಸ್ಸು ತುಂಬಿದ ಎರಡು ವರ್ಷದೊಳಗೆ ಇದು ಆಗಬೇಕು.

ಈ ಸಾಲುಗಳನ್ನು ಹದಿನಾರರ ಹುಡುಗಿಯೊಬ್ಬಳ ಜಾಗದಲ್ಲಿ ನಿಂತು ಓದಿ ನೋಡಿ. ಶಾಲೆ ಬಿಡಿಸಿದ್ದಾರೆ. ಗಂಡನ ಮನೆಯಲ್ಲಿದ್ದಾಳೆ. ಮೊಬೈಲ್ ಅವಳ ಕೈಯಲ್ಲಿಲ್ಲ. ಬಸ್ಸಿನ ಹಣಕ್ಕೂ ಅತ್ತೆಯನ್ನು ಕೇಳಬೇಕು. ಅವಳ ಪರ ಅರ್ಜಿ ಹಾಕಬೇಕಾದ ಪೋಷಕರೇ ಅವಳ ಮದುವೆ ಮಾಡಿದವರು. ಇಪ್ಪತ್ತು ತುಂಬುವುದರೊಳಗೆ ಅವಳು ವಕೀಲರನ್ನು ಹುಡುಕಿ, ಹೆತ್ತವರ ಮತ್ತು ಗಂಡನ ಮನೆಯವರ ವಿರುದ್ಧ ನಿಂತು, ಜಿಲ್ಲಾ ಕೇಂದ್ರದ ಕೋರ್ಟಿನ ಮೆಟ್ಟಿಲು ಹತ್ತಬೇಕು. ಹಕ್ಕು ಇದೆ, ಹಕ್ಕಿನ ಭಾರವನ್ನು ಹೊರಬೇಕಾದವಳು ಅವಳೇ. ಹತ್ತಿದವರಿಲ್ಲವೆಂದಲ್ಲ. ಕೂಸಾಗಿದ್ದಾಗ ಮದುವೆ ಮಾಡಿಸಿಕೊಂಡಿದ್ದ ಜೋಧಪುರದ ಯುವತಿಯೊಬ್ಬಳು 2012ರಲ್ಲಿ ತನ್ನ ಮದುವೆಯನ್ನು ರದ್ದುಮಾಡಿಸಿಕೊಂಡು ಸುದ್ದಿಯಾದಳು. ಅದು ಸುದ್ದಿಯಾಯಿತು ಎಂಬುದೇ ಅದೆಷ್ಟು ಅಪರೂಪ ಎಂಬುದಕ್ಕೆ ಸಾಕ್ಷಿ.

ಕರ್ನಾಟಕ ಇಲ್ಲಿ ಬೇರೆ ದಾರಿ ತುಳಿಯಿತು. ಹೈಕೋರ್ಟಿನ ಮುಂದೆ ಬಂದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯ ಬೆನ್ನಲ್ಲೇ ನ್ಯಾಯಮೂರ್ತಿ ಶಿವರಾಜ ಪಾಟೀಲರ ನೇತೃತ್ವದ ಸಮಿತಿ ಅಧ್ಯಯನ ನಡೆಸಿ 2011ರಲ್ಲಿ ವರದಿ ಕೊಟ್ಟಿತು. ರಾಜ್ಯ 2016ರಲ್ಲಿ ಕೇಂದ್ರ ಕಾಯ್ದೆಗೆ ತಿದ್ದುಪಡಿ ತಂದಿತು, 2017ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಸೇರಿಸಿದ ಉಪಕಲಮು ಚಿಕ್ಕದು: ಇನ್ನು ಮುಂದೆ ನಡೆಯುವ ಪ್ರತಿ ಬಾಲ್ಯವಿವಾಹವೂ ಮೊದಲಿನಿಂದಲೇ ಅಸಿಂಧು. ಹುಡುಗಿ ಕೋರ್ಟಿಗೆ ಹೋಗಿ ಬಿಡಿಸಿಕೊಳ್ಳಬೇಕಾದ ಗಂಟೇ ಅಲ್ಲಿ ಇಲ್ಲ. ಸೀಡಾದ 16ನೇ ವಿಧಿ ಹೇಳಿದ್ದ 'ಕಾನೂನಿನ ಬಲ ಇರತಕ್ಕದ್ದಲ್ಲ' ಎಂಬ ಮಾತು ಅದು ಬರೆಯಲ್ಪಟ್ಟ 38 ವರ್ಷಗಳ ಮೇಲೆ ಒಂದು ರಾಜ್ಯದ ಪುಸ್ತಕಕ್ಕೆ ಬಂತು.

ಅದೇ 2017ರ ಅಕ್ಟೋಬರ್ 11ರಂದು 'ಇಂಡಿಪೆಂಡೆಂಟ್ ಥಾಟ್' ಎಂಬ ಸಂಸ್ಥೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು ಇನ್ನೊಂದು ತೀರ್ಪು ಕೊಟ್ಟಿತು. ಹೆಂಡತಿಗೆ 15 ತುಂಬಿದ್ದರೆ ಗಂಡನ ಬಲಾತ್ಕಾರ ಅತ್ಯಾಚಾರವಲ್ಲ ಎಂಬ ವಿನಾಯಿತಿ ಆಗ ದಂಡಸಂಹಿತೆಯಲ್ಲಿತ್ತು. ಹದಿನೆಂಟರೊಳಗಿನ ಮದುವೆ ಅಪರಾಧ ಎನ್ನುವ ದೇಶದಲ್ಲೇ ಹದಿನೈದರ ಹೆಂಡತಿಯ ದೇಹದ ಮೇಲೆ ಗಂಡನಿಗೆ ರಕ್ಷಣೆ! ನ್ಯಾಯಮೂರ್ತಿಗಳಾದ ಮದನ್ ಲೋಕೂರ್ ಮತ್ತು ದೀಪಕ್ ಗುಪ್ತಾ ಆ ಅಂಚನ್ನು 18ಕ್ಕೆ ಏರಿಸಿದರು. ಕರ್ನಾಟಕದ ತಿದ್ದುಪಡಿಯನ್ನು ಮೆಚ್ಚಿ, ಉಳಿದ ರಾಜ್ಯಗಳೂ ಇದೇ ದಾರಿ ಹಿಡಿಯುವುದು ಒಳ್ಳೆಯದು ಎಂದು ಆ ತೀರ್ಪಿನಲ್ಲೇ ಬರೆದರು.

ಕನ್ನಡನಾಡಿಗೆ ಇದು ಹೊಸ ಚರ್ಚೆಯೂ ಅಲ್ಲ. ಮೈಸೂರು ಸಂಸ್ಥಾನ 1894ರಲ್ಲೇ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳುವುದನ್ನೂ ನಿಷೇಧಿಸಿತ್ತು. ಬ್ರಿಟಿಷ್ ಇಂಡಿಯಾದಲ್ಲಿ ಹುಡುಗಿಯರಿಗೆ 14, ಹುಡುಗರಿಗೆ 18 ಎಂದು ಸಾರ್ದಾ ಕಾಯ್ದೆ ಬಂದದ್ದು 1929ರಲ್ಲಿ. ಎಂಟು ವರ್ಷ ಎಂದು ಓದುವಾಗ ಇಂದು ಮೈ ಜುಮ್ಮೆನ್ನುತ್ತದೆ. ಆದರೆ ಅಂದು ಅದಕ್ಕಿಂತ ಎಳೆಯ ಕೂಸುಗಳು ವಿಧವೆಯರಾಗುತ್ತಿದ್ದವು ಎಂಬುದನ್ನೂ ಮರೆಯಬಾರದು. ಹುಡುಗಿಯರ ಮದುವೆಯ ವಯಸ್ಸು 18ಕ್ಕೆ ಬಂದು ನಿಂತದ್ದು 1978ರಲ್ಲಿ.

ಇದೇ ಭಾರವನ್ನು ಆಫ್ರಿಕಾದ ಇಬ್ಬರು ಯುವತಿಯರು ಬೇರೆ ರೀತಿಯಲ್ಲಿ ಹೊತ್ತರು. ಜಿಂಬಾಬ್ವೆಯ ಲವ್‌ನೆಸ್ ಮುಜುರು ಮತ್ತು ರುವಿಂಬೊ ತ್ಸೊಪೊಜಿ ಇಬ್ಬರೂ ಚಿಕ್ಕ ವಯಸ್ಸಿನಲ್ಲೇ ಮದುವೆಯ ಬದುಕಿಗೆ ಬಿದ್ದವರು. ತಮ್ಮ ಬಿಡುಗಡೆಯನ್ನಷ್ಟೇ ಕೇಳದೆ, ಹುಡುಗಿಯರಿಗೆ 16 ಸಾಕು ಎನ್ನುವ ಕಾನೂನನ್ನೇ ದೇಶದ ಸಂವಿಧಾನ ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 2016ರ ಜನವರಿ 20ರಂದು ಗೆದ್ದರು. ಹದಿನೆಂಟರೊಳಗಿನ ಮದುವೆ ಯಾವ ಪದ್ಧತಿಯದ್ದಾದರೂ ನಡೆಯದು ಎಂದಿತು ಕೋರ್ಟು. ಅದೇ ವರ್ಷ ತಾಂಜಾನಿಯಾದಲ್ಲಿ ರೆಬೆಕಾ ಗ್ಯೂಮಿ ಎಂಬ ವಕೀಲೆ 1971ರ ವಿವಾಹ ಕಾಯ್ದೆಯನ್ನು ಪ್ರಶ್ನಿಸಿದರು. ಹುಡುಗನಿಗೆ 18 ಬೇಕು, ಹುಡುಗಿಗೆ ಹೆತ್ತವರು ಒಪ್ಪಿದರೆ 15, ಕೋರ್ಟು ಒಪ್ಪಿದರೆ 14 ಸಾಕು ಎನ್ನುತ್ತಿತ್ತು ಅದು. ಹೈಕೋರ್ಟಿನಲ್ಲಿ ಗೆದ್ದರು, ಸರ್ಕಾರ ಮೇಲ್ಮನವಿ ಹಾಕಿತು, 2019ರಲ್ಲಿ ಅಲ್ಲಿಯೂ ಗೆದ್ದರು. ಮಲಾವಿಯಲ್ಲಿ ದಾರಿಯೇ ಬೇರೆ: ಡೆಡ್ಜಾ ಜಿಲ್ಲೆಯ ಮುಖ್ಯಸ್ಥೆ ತೆರೆಸಾ ಕಚಿಂಡಮೊಟೊ ತಮ್ಮ ಸಾಂಪ್ರದಾಯಿಕ ಅಧಿಕಾರವನ್ನೇ ಬಳಸಿ ನೂರಾರು ಬಾಲ್ಯವಿವಾಹಗಳನ್ನು ಮುರಿದು ಮಕ್ಕಳನ್ನು ಶಾಲೆಗೆ ಕಳುಹಿಸಿದರು. ಒಪ್ಪದ ಕೆಳಹಂತದ ಮುಖಂಡರನ್ನು ಹುದ್ದೆಯಿಂದ ಇಳಿಸಿದರು. ಸಂಪ್ರದಾಯ ಎಂಬ ಮಾತನ್ನು ಮುಂದಿಟ್ಟು ಸುಮ್ಮನಾಗುವವರಿಗೆ ಅವರಿಗಿಂತ ಒಳ್ಳೆಯ ಉತ್ತರ ಸಿಗದು.

ಇದು ಬಡದೇಶಗಳ ರೋಗ ಎಂದುಕೊಳ್ಳುವವರಿಗೆ ಒಂದು ಮಾತು. ಅಮೆರಿಕದಲ್ಲಿ ಯಾವ ವಿನಾಯಿತಿಯೂ ಇಲ್ಲದೆ ಹದಿನೆಂಟರೊಳಗಿನ ಮದುವೆಯನ್ನು ನಿಷೇಧಿಸಿದ ಮೊದಲ ರಾಜ್ಯ ಡೆಲವೇರ್, ಅದೂ 2018ರಲ್ಲಿ. ಇಂಗ್ಲೆಂಡಿನಲ್ಲಿ ಹೆತ್ತವರ ಒಪ್ಪಿಗೆಯಿದ್ದರೆ 16ಕ್ಕೆ ಮದುವೆಯಾಗಬಹುದು ಎಂಬ ನಿಯಮ 2023ರ ಫೆಬ್ರವರಿವರೆಗೂ ಇತ್ತು. ವರ್ಷಕ್ಕೆ ಸುಮಾರು 1.2 ಕೋಟಿ ಹುಡುಗಿಯರು ಹದಿನೆಂಟರೊಳಗೆ ಮದುವೆಯಾಗುತ್ತಾರೆ ಎಂಬುದು ಯುನಿಸೆಫ್‌ನ ಅಂದಾಜು.

ಈಗ ನಮ್ಮ ಅಂಕಿಗಳು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 20ರಿಂದ 24 ವರ್ಷದ ಹೆಂಗಸರನ್ನು, ಮದುವೆಯಾದಾಗ ನಿಮಗೆ ಹದಿನೆಂಟಾಗಿತ್ತೇ ಎಂದು ಕೇಳುತ್ತದೆ. ದೇಶದಲ್ಲಿ 2005-06ರಲ್ಲಿ ನೂರಕ್ಕೆ 47ರಷ್ಟು ಮಂದಿ ಆಗಿರಲಿಲ್ಲ ಎಂದಿದ್ದರು, 2019-21ರ ಹೊತ್ತಿಗೆ ಅದು 23ಕ್ಕೆ ಇಳಿಯಿತು. ಕರ್ನಾಟಕದಲ್ಲಿ 2015-16ರಲ್ಲಿ ಶೇ 21.4, ಮುಂದಿನ ಸಮೀಕ್ಷೆಯಲ್ಲಿ ಶೇ 21.3. ಅಂದರೆ ಕದಲಿಲ್ಲ. ಹೊಸ ಕಾನೂನು ಸೋತಿತು ಎಂದು ಕೆಲವರು ತೀರ್ಮಾನಿಸುವುದು ಈ ಅಂಕಿಯನ್ನು ನೋಡಿ. ಅದು ಅವಸರದ ತೀರ್ಮಾನ. 2019-21ರಲ್ಲಿ 20ರಿಂದ 24 ವರ್ಷದವರಾಗಿದ್ದವರಲ್ಲಿ ಹದಿನೆಂಟರೊಳಗೆ ಮದುವೆಯಾದವರ ಮದುವೆಗಳು ಬಹುಪಾಲು 2017ಕ್ಕಿಂತ ಮೊದಲೇ ನಡೆದುಹೋಗಿದ್ದವು. ಆ ಅಂಕಿ ಹೊಸ ಕಾನೂನಿನ ಫಲ ಅಳೆಯುವಂಥದ್ದಲ್ಲ.

ಆದರೂ ಕಾನೂನೊಂದರಿಂದಲೇ ಎಲ್ಲ ಆಗಿಬಿಡುತ್ತದೆ ಎಂದು ನಾನು ನಂಬಿಲ್ಲ. ಅಸಿಂಧು ಎಂಬ ಪದಕ್ಕೂ ಒಂದು ಮುಳ್ಳಿದೆ. ಹದಿನೇಳರಲ್ಲಿ ಮದುವೆಯಾಗಿ, ಹತ್ತೊಂಬತ್ತಕ್ಕೆ ಮಗುವಿನ ತಾಯಿಯಾದವಳಿಗೆ, ನಿನ್ನ ಮದುವೆ ನಡೆದೇ ಇಲ್ಲ ಎಂದರೆ ಅವಳ ಜೀವನಾಂಶ, ಮಗುವಿನ ಹಕ್ಕು, ತಲೆಯ ಮೇಲಿನ ಸೂರು ಏನಾಗಬೇಕು? ಕೇಂದ್ರ ಕಾಯ್ದೆ ಮದುವೆ ರದ್ದಾದ ಹುಡುಗಿಗೆ ಜೀವನಾಂಶ ಮತ್ತು ವಾಸಕ್ಕೆ ವ್ಯವಸ್ಥೆ ಮಾಡಿದೆ, ಅಂಥ ಮದುವೆಯಿಂದ ಹುಟ್ಟಿದ ಮಕ್ಕಳನ್ನು ಕಾನೂನುಬದ್ಧ ಎಂದು ಒಪ್ಪಿದೆ. ಅಸಿಂಧು ಎಂದು ಬರೆಯುವ ಯಾವ ರಾಜ್ಯವೂ ಈ ರಕ್ಷಣೆಗಳನ್ನು ಅಷ್ಟೇ ಗಟ್ಟಿಯಾಗಿ ಜೊತೆಗಿಡಬೇಕು. ಇಲ್ಲವಾದರೆ ಕೈಹಿಡಿದವನೇ ಕಾನೂನನ್ನು ತೋರಿಸಿ ಕೈಬಿಟ್ಟಾನು. ಇನ್ನೊಂದು ಮುಳ್ಳು ಬಂಧನಗಳದ್ದು. 2023ರಲ್ಲಿ ಅಸ್ಸಾಂನಲ್ಲಿ ಬಾಲ್ಯವಿವಾಹದ ಆರೋಪದ ಮೇಲೆ ಸಾವಿರಾರು ಜನರನ್ನು ಬಂಧಿಸಿದಾಗ ಠಾಣೆಗಳ ಮುಂದೆ ಅಳುತ್ತ ನಿಂತಿದ್ದವರು ಅದೇ ಹೆಂಡತಿಯರು, ಕಂಕುಳಲ್ಲಿ ಕೂಸು ಎತ್ತಿಕೊಂಡು. ಯಾರ ರಕ್ಷಣೆಗೆಂದು ಕಾನೂನು ಬಂತೋ ಅವರೇ ಬೀದಿಗೆ ಬಂದಿದ್ದರು. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಬಾಲ್ಯವಿವಾಹ ತಡೆಗೆ ಮಾರ್ಗಸೂಚಿ ಕೊಡುವಾಗ ಮದುವೆ ನಡೆದ ಮೇಲಿನ ಶಿಕ್ಷೆಗಿಂತ ಮೊದಲಿನ ತಡೆಗೆ ಒತ್ತು ಕೊಟ್ಟಿದ್ದು ಸರಿಯಾಗಿಯೇ ಇದೆ. ಮಗುವಿನ ನಿಶ್ಚಿತಾರ್ಥ ನಮ್ಮ ಕಾಯ್ದೆಯ ಕೈಗೆ ಸಿಗದೆ ತಪ್ಪಿಸಿಕೊಳ್ಳುತ್ತಿದೆ, ಸಂಸತ್ತು ಈ ಬಗ್ಗೆ ಯೋಚಿಸಲಿ ಎಂದು ಅದೇ ತೀರ್ಪು ಹೇಳಿತು. ಸೀಡಾ ನಿಶ್ಚಿತಾರ್ಥದ ಮಾತನ್ನು 1979ರಲ್ಲೇ ಬರೆದಿತ್ತು.

ಆ ಮೊದಲಿನ ತಡೆಗೆ ಬೇಕಾದ ಸಲಕರಣೆ 2006ರ ಕಾಯ್ದೆಯೊಳಗೇ ಇದೆ, ಬಹಳ ಜನರಿಗೆ ಗೊತ್ತಿಲ್ಲ ಅಷ್ಟೇ. ಮದುವೆ ಗೊತ್ತಾಗಿದೆ ಎಂದು ತಿಳಿದ ಯಾರೇ ಆಗಲಿ ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟರಿಗೆ ದೂರು ಕೊಡಬಹುದು. ಮ್ಯಾಜಿಸ್ಟ್ರೇಟರು ಮದುವೆಗೆ ತಡೆಯಾಜ್ಞೆ ಕೊಡಬಹುದು, ಪರಿಸ್ಥಿತಿ ತುರ್ತಾಗಿದ್ದರೆ ಎದುರು ಪಕ್ಷಕ್ಕೆ ನೋಟಿಸ್ ಕೊಡದೆಯೂ ಕೊಡಬಹುದು. ಅಕ್ಷಯ ತೃತೀಯದಂಥ ದಿನಗಳಲ್ಲಿ ಸಾಮೂಹಿಕ ಬಾಲ್ಯವಿವಾಹಗಳನ್ನು ತಡೆಯಲು ಜಿಲ್ಲಾಧಿಕಾರಿಯೇ ನಿಷೇಧಾಧಿಕಾರಿ ಎಂದು ಆ ದಿನದ ಹೆಸರನ್ನೇ ಹಿಡಿದು ಕಾಯ್ದೆ ಹೇಳುತ್ತದೆ. ತಡೆಯಾಜ್ಞೆಯನ್ನು ಮೀರಿ ತಾಳಿ ಕಟ್ಟಿದರೆ ಆ ಮದುವೆ ದೇಶದ ಯಾವ ಮೂಲೆಯಲ್ಲಾದರೂ ಮೊದಲಿನಿಂದಲೇ ಅಸಿಂಧು. ಕರ್ನಾಟಕದ ತಿದ್ದುಪಡಿ ಇಲ್ಲದ ರಾಜ್ಯಗಳಲ್ಲೂ ಇದು ನಿಜ. ಆ ದೂರನ್ನು ಕೊಡಲು ಹುಡುಗಿಯೇ ಬರಬೇಕಾಗಿಲ್ಲ. ಲಗ್ನಪತ್ರಿಕೆ ಕೈಗೆ ಬಂದ ನೆರೆಮನೆಯವರು, ಹಾಜರಾತಿ ಕರೆಯುವಾಗ ಒಂದು ಹೆಸರಿಗೆ ಉತ್ತರ ಬಾರದ್ದನ್ನು ಗಮನಿಸಿದ ಮೇಷ್ಟ್ರು, ಡೋಲು ಹೊತ್ತು ಬಂದ ವಾಲಗದವರು, ಯಾರಾದರೂ ಸಾಕು. ಮ್ಯಾಜಿಸ್ಟ್ರೇಟರ ಕಚೇರಿ ದೂರವಾದರೆ 1098ಕ್ಕೆ ಒಂದು ಕರೆ ಮಾಡಬಹುದು.